ಫ್ರೀಬಿಎಸ್‌ಡಿ 14.3ಕ್ಕೆ ಏರಿದ ಮೇಲೆ ಬ್ರೌಸರ್ ವೀಡಿಯೊ ತಡವರಿಸುತ್ತಿದೆ, ಕೆಲವು ಸೈಟ್‌ಗಳಲ್ಲಿ ಓಡುವುದೇ ಇಲ್ಲ

ಅರ್ಧಬೈಟ್

ಯುನಿಕ್ಸ್ ತರಹದ ಆಪರೇಟಿಂಗ್ ಸಿಸ್ಟಮ್ ಆದ ಫ್ರೀಬಿಎಸ್‌ಡಿ ಓಡುವ ಯಂತ್ರದ ವಿವರ: ಇಂಟೆಲ್ 8ನೇ ತಲೆಮಾರಿನ ಲ್ಯಾಪ್‌ಟಾಪ್, ಒಳಗಿನದೇ ಯುಎಚ್‌ಡಿ 620 ಗ್ರಾಫಿಕ್ಸ್, 8 ಜಿಬಿ ರ್‍ಯಾಮ್, ರೂಟ್ ಝಡ್‌ಎಫ್‌ಎಸ್ (ಫೈಲ್ ಸಿಸ್ಟಮ್) ಮೇಲೆ, ಎಕ್ಸ್‌ಆರ್ಗ್ (ಪರದೆ ನಡೆಸುವ ಎಕ್ಸ್ ಸರ್ವರ್), ಎಕ್ಸ್‌ಎಫ್‌ಸಿಇ (ಡೆಸ್ಕ್‌ಟಾಪ್). 14.0ರಿಂದ ಇದೇ ಇನ್‌ಸ್ಟಾಲೇಶನ್ ನಡೆದುಕೊಂಡು ಬಂದಿದೆ. ಈಗ ಫ್ರೀಬಿಎಸ್‌ಡಿ-ಅಪ್‌ಡೇಟ್ ಮೂಲಕ 14.2ರಿಂದ 14.3ಕ್ಕೆ ಏರಿಸಿದ್ದು. ಆಮೇಲಿನ ಸ್ಥಿತಿ ಹೀಗಿದೆ:

ಇಂಟೆಲ್ ಗ್ರಾಫಿಕ್ಸ್ ನಡೆಸುವ ಐ915ಕೆಎಂಎಸ್ ಕರ್ನಲ್ ಮಾಡ್ಯೂಲ್ ಲೋಡ್ ಆದ ಕೂಡಲೇ ಪರದೆ ಹೆಪ್ಪುಗಟ್ಟುತ್ತದೆ. ಸದ್ಯಕ್ಕೆ ಆರ್‌ಸಿ.ಕಾನ್ಫ್‌ನ ಕೆಎಲ್‌ಡಿ_ಲಿಸ್ಟ್‌ನಿಂದ (ಬೂಟ್‌ನಲ್ಲಿ ಲೋಡ್ ಆಗುವ ಮಾಡ್ಯೂಲುಗಳ ಪಟ್ಟಿ) ಅದನ್ನು ತೆಗೆದಿದ್ದೇನೆ. ಎಕ್ಸ್ ಏಳುತ್ತದೆ, ಆದರೆ ಯೂಟ್ಯೂಬ್‌ನಲ್ಲಿ 1080ಪಿ ಹಾಕಿದರೆ ನಾಲ್ಕೂ ಕೋರ್ ಉಸಿರುಗಟ್ಟುತ್ತವೆ, ಚಿತ್ರ ಕುಂಟುತ್ತದೆ. 480ಪಿ ಹೇಗೋ ನಡೆಯುತ್ತದೆ.

ಇನ್ನೊಂದು ಕಡೆ, ಯೂಟ್ಯೂಬ್ ಕುಂಟುತ್ತಾದರೂ ಓಡುತ್ತದೆ. ಕೆಲವು ಸುದ್ದಿ ಸೈಟ್‌ಗಳಲ್ಲಿ, ಪಾಠದ ಸೈಟ್‌ಗಳಲ್ಲಿ ಮಾತ್ರ ಬೆಂಬಲಿತ ಫಾರ್ಮ್ಯಾಟಿನ ವೀಡಿಯೊ ಸಿಗಲಿಲ್ಲ ಎಂಬ ಸಂದೇಶ ಬಂದು ನಿಂತುಬಿಡುತ್ತದೆ. ಇವೆರಡೂ ಒಂದೇ ತೊಂದರೆಯೋ ಬೇರೆ ಬೇರೆಯೋ?

ಕೆಲಸಕ್ಕೆ ಬರಬಹುದಾದ ಇನ್ನಷ್ಟು ವಿವರ: ಬ್ರೌಸರ್ ಫೈರ್‌ಫಾಕ್ಸ್ ಇಎಸ್‌ಆರ್ (ದೀರ್ಘ ಬೆಂಬಲದ ಸಾಲು) 128, ಹಳೆಯ ಒಂದು ಆಡ್‌ಆನ್‌ಗಾಗಿ ಆವೃತ್ತಿ ಬದಲಾಗದಂತೆ ಪಿಕೆಜಿಯಲ್ಲಿ (ಪ್ಯಾಕೇಜ್ ನಿರ್ವಾಹಕ) ಲಾಕ್ ಹಾಕಿಟ್ಟದ್ದು. ವೀಡಿಯೊ, ಆಡಿಯೊ ಬಿಡಿಸುವ ಎಫ್‌ಎಫ್‌ಎಂಪೆಗ್ ಪ್ಯಾಕೇಜಿನಿಂದ ಬಂದದ್ದಲ್ಲ. ಅದನ್ನು ಪಿಕೆಜಿ ಡಿಲೀಟ್ -ಎಫ್ ಕೊಟ್ಟು ತೆಗೆದು, ಆವೃತ್ತಿ 8ರ ಮೂಲ ಕಟ್ಟನ್ನು --ಎನೇಬಲ್-ಶೇರ್ಡ್ ಆಯ್ಕೆಯೊಂದಿಗೆ ಕಂಪೈಲ್ ಮಾಡಿ /ಯುಎಸ್‌ಆರ್/ಲೋಕಲ್‌ಗೆ ಹಾಕಿದ್ದು. ರೆಪೊಸಿಟರಿ ಕ್ವಾರ್ಟರ್ಲಿ (ಮೂರು ತಿಂಗಳಿಗೊಮ್ಮೆ ಹೊಸದಾಗುವ ಶಾಖೆ), /ಇಟಿಸಿ/ಪಿಕೆಜಿ/ಫ್ರೀಬಿಎಸ್‌ಡಿ.ಕಾನ್ಫ್ ಫೈಲನ್ನು ಮಿರರ್ ವಿಳಾಸಕ್ಕಾಗಿ ಕೈಯಾರೆ ತಿದ್ದಿದ್ದು.

ಸರಿಪಡಿಸುವುದರ ಜೊತೆಗೆ, ಮುಂದಿನ ಸಲ ಏರಿಸುವಾಗ ಯಾವ ಕ್ರಮದಲ್ಲಿ ಹೋಗಬೇಕು ಅನ್ನುವುದನ್ನೂ ತಿಳಿಸಿ.

---

ಡೀಮನ್‌ಭಟ

ಎರಡೂ ಬೇರೆ ಬೇರೆ. ಒಂದು ಕರ್ನಲ್ ಮಾಡ್ಯೂಲಿನದ್ದು, ಇನ್ನೊಂದು ಲೈಬ್ರರಿಯದ್ದು. ಎರಡೂ ಬ್ರೌಸರ್ ಕಿಟಕಿಯಲ್ಲೇ ಕಾಣಿಸಿಕೊಂಡಿದ್ದರಿಂದ ಒಂದೇ ಅನ್ನಿಸಿದೆ ಅಷ್ಟೆ. ಮೊದಲು ಮಾಡ್ಯೂಲ್ ವಿಷಯ ಮುಗಿಸೋಣ.

ಒಂದು ಮುಖ್ಯ ಶಾಖೆಯ (ಇಲ್ಲಿ 14) ಪ್ಯಾಕೇಜುಗಳನ್ನು ಆ ಶಾಖೆಯಲ್ಲಿ ಇನ್ನೂ ಬೆಂಬಲವಿರುವ ಅತಿ ಹಳೆಯ ಕಿರು ಆವೃತ್ತಿಯ (14.2, 14.3 ತರಹದ್ದು) ಮೇಲೆ ಕಂಪೈಲ್ ಮಾಡುತ್ತಾರೆ. ಹೊಸ ಕಿರು ಆವೃತ್ತಿ ಬಂದ ಮೇಲೂ ಸುಮಾರು ಮೂರು ತಿಂಗಳು ಹಳೆಯದಕ್ಕೆ ಬೆಂಬಲ ಇರುತ್ತದೆ, 14.2ಕ್ಕೆ 2025ರ ಸೆಪ್ಟೆಂಬರ್ 30 ಕೊನೆಯಾಗಿತ್ತು. ಅಲ್ಲಿಯವರೆಗೂ ಸಾಮಾನ್ಯ ರೆಪೊಸಿಟರಿಯಲ್ಲಿ ಸಿಗುತ್ತಿದ್ದದ್ದೆಲ್ಲ 14.2ರ ಮೇಲೆ ಕಟ್ಟಿದ್ದು. ಫೈರ್‌ಫಾಕ್ಸ್, ಎಕ್ಸ್‌ಎಫ್‌ಸಿಇ ತರಹದವಕ್ಕೆ ಇದರಿಂದ ಏನೂ ಆಗುವುದಿಲ್ಲ. ಗ್ರಾಫಿಕ್ಸ್ ಮಾಡ್ಯೂಲಿಗೆ ಆಗುತ್ತದೆ. ಯಾಕೆಂದರೆ ಅದು ಲಿನಕ್ಸ್‌ನಿಂದ ತಂದ ಡ್ರೈವರ್. ಲಿನಕ್ಸ್ ಡ್ರೈವರ್‌ಗಳಿಗೆ ಬೇಕಾದ ಕರೆಗಳನ್ನು ಒದಗಿಸುವ, ಫ್ರೀಬಿಎಸ್‌ಡಿ ಕರ್ನಲ್‌ನ ಲಿನಕ್ಸ್‌ಕೆಪಿಐ ಪದರದ ಮೇಲೆ ನಿಂತಿದೆ. ಈ ಪದರ ಕಿರು ಆವೃತ್ತಿಯಿಂದ ಕಿರು ಆವೃತ್ತಿಗೆ ಬದಲಾಗುವುದಿಲ್ಲ ಎಂಬ ಭರವಸೆಯನ್ನು ಯಾರೂ ಕೊಟ್ಟಿಲ್ಲ. 14.2ರ ಮಾಡ್ಯೂಲನ್ನು 14.3ರ ಕರ್ನಲ್ ಬೇಡವೆನ್ನದೆ ಒಳಗೆ ಬಿಟ್ಟುಕೊಳ್ಳುತ್ತದೆ. ಒಳಗಿನ ರಚನೆಗಳು ತಾಳೆಯಾಗದೆ ಆಮೇಲೆ ಪರದೆ ಕಪ್ಪಾಗಬಹುದು, ಹೆಪ್ಪುಗಟ್ಟಬಹುದು, ಕರ್ನಲ್ಲೇ ಬೀಳಬಹುದು.

ಖಚಿತ ಮಾಡಿಕೊಳ್ಳುವುದು ಸುಲಭ:

ಯುನೇಮ್ -ಕೆ (ದೊಡ್ಡಕ್ಷರ): ಓಡುತ್ತಿರುವ ಕರ್ನಲ್‌ನ ಸಂಖ್ಯೆ. 14.3ಕ್ಕೆ 1403000 ಬರಬೇಕು.
ಯುನೇಮ್ -ಯು (ದೊಡ್ಡಕ್ಷರ): ಯೂಸರ್‌ಲ್ಯಾಂಡ್‌ನ (ಕರ್ನಲ್ ಹೊರಗಿನ ಬೇಸ್ ಸಿಸ್ಟಮ್) ಸಂಖ್ಯೆ. ಇದೂ ಅದೇ ಇರಬೇಕು.
ಪಿಕೆಜಿ ಇನ್ಫೊ -ಎಕ್ಸ್ ಕೆಮಾಡ್: ಮಾಡ್ಯೂಲ್ ಪ್ಯಾಕೇಜುಗಳ ಪಟ್ಟಿ.

ಐ915ಕೆಎಂಎಸ್ ಇರುವ ಡಿಆರ್‌ಎಂ-61-ಕೆಮಾಡ್ ಪ್ಯಾಕೇಜ್ ಹೆಸರಿನ ಬಾಲದಲ್ಲಿರುವ ಅಂಕಿ ನೋಡಿ. ಅಲ್ಲಿ 1402000 ಇದ್ದರೆ ಉತ್ತರ ಅಲ್ಲೇ ಸಿಕ್ಕಿತು.

ಈ ತೊಂದರೆಗೆಂದೇ ಫ್ರೀಬಿಎಸ್‌ಡಿ-ಕೆಮಾಡ್ಸ್ ಅಂತ ಪ್ರತ್ಯೇಕ ರೆಪೊಸಿಟರಿ ಇದೆ. ಅಲ್ಲಿ ಮಾಡ್ಯೂಲುಗಳನ್ನು ಆಯಾ ಕಿರು ಆವೃತ್ತಿಯ ಮೇಲೆಯೇ ಕಟ್ಟಿರುತ್ತಾರೆ. 14.3ರ ಜೊತೆ ಬರುವ ಫ್ರೀಬಿಎಸ್‌ಡಿ.ಕಾನ್ಫ್‌ನಲ್ಲಿ ಅದು ಸೇರಿಕೊಂಡೇ ಇರುತ್ತದೆ. ನೀವು ಆ ಫೈಲನ್ನೇ ತಿದ್ದಿದ್ದೀರಿ ಅಂದಮೇಲೆ ಅದು ನಿಮ್ಮಲ್ಲಿ ಬಂದಿಲ್ಲ ಎಂಬುದು ನನ್ನ ಗುಮಾನಿ. ಪಿಕೆಜಿ -ವಿವಿ ಕೊಟ್ಟು ಕೊನೆಗೆ ಬರುವ ರೆಪೊಸಿಟರಿಗಳ ಭಾಗ ಓದಿ. ಅದನ್ನೂ, ವಿಎಇನ್ಫೊ (ಹಾರ್ಡ್‌ವೇರ್ ವೀಡಿಯೊ ಡಿಕೋಡ್ ಪರೀಕ್ಷಿಸುವ ಕಮಾಂಡ್) ಏನು ಹೇಳುತ್ತದೆ ಎಂಬುದನ್ನೂ ಇಲ್ಲಿ ಹಾಕಿ.

---

ಅರ್ಧಬೈಟ್

ಯುನೇಮ್ ಎರಡೂ 1403000. ಪ್ಯಾಕೇಜ್ ಹೆಸರಿನಲ್ಲಿ 1402000. ಪಿಕೆಜಿ -ವಿವಿಯಲ್ಲಿ ಫ್ರೀಬಿಎಸ್‌ಡಿ ಅನ್ನುವ ಒಂದೇ ರೆಪೊಸಿಟರಿ. ವಿಎಇನ್ಫೊ /ಡೆವ್/ಡಿಆರ್‌ಐ ತೆರೆಯಲಾಗಲಿಲ್ಲ ಎಂದು ನಿಲ್ಲುತ್ತದೆ.

ಇನ್ನೊಂದು ಕಣ್ಣಿಗೆ ಬಿತ್ತು: ಎಂಪಿವಿ ವೀಡಿಯೊ ಪ್ಲೇಯರ್ ತೆರೆಯುವುದೇ ಇಲ್ಲ, ಲಿಬ್‌ಎವಿಕೊಡೆಕ್ ಹೆಸರು ಹೇಳಿ ಶೇರ್ಡ್ ಆಬ್ಜೆಕ್ಟ್ ಸಿಗಲಿಲ್ಲ ಅನ್ನುತ್ತದೆ.

---

ಡೀಮನ್‌ಭಟ

ಸರಿ ಹಾಗಾದರೆ. ಗ್ರಾಫಿಕ್ಸ್ ಸಾಧನದ ಫೈಲ್‌ಗಳಿರುವ /ಡೆವ್/ಡಿಆರ್‌ಐ ಇಲ್ಲದಿರುವುದು ಸಹಜ, ಮಾಡ್ಯೂಲೇ ಇಲ್ಲವಲ್ಲ. ಈಗ ಎಕ್ಸ್ ಓಡುತ್ತಿರುವುದು ಫರ್ಮ್‌ವೇರ್ ಕೊಟ್ಟ ಫ್ರೇಮ್‌ಬಫರ್ ಮೇಲೆ, ಎಸ್‌ಸಿಎಫ್‌ಬಿ ಡ್ರೈವರ್‌ನಿಂದ. ವೀಡಿಯೊ ಬಿಡಿಸುವುದು ಸಿಪಿಯು, ಬಣ್ಣದ ಲೆಕ್ಕ ಮಾಡುವುದು ಸಿಪಿಯು, ಅಳತೆಗೆ ಹಿಗ್ಗಿಸುವುದು ಸಿಪಿಯು, ಪರದೆಗೆ ಬಳಿಯುವುದೂ ಅದೇ. ನಾಲ್ಕು ಕೋರ್ ಸಾಲದಿರುವುದರಲ್ಲಿ ಆಶ್ಚರ್ಯವಿಲ್ಲ.

ಮಾಡಬೇಕಾದ್ದು:

1. /ಇಟಿಸಿ/ಪಿಕೆಜಿ/ಫ್ರೀಬಿಎಸ್‌ಡಿ.ಕಾನ್ಫ್ ಅನ್ನು 14.3ರ ಮೂಲ ರೂಪಕ್ಕೆ ತನ್ನಿ. ನಿಮ್ಮ ಬದಲಾವಣೆ ಏನೇ ಇದ್ದರೂ ಅದು ಹೋಗಬೇಕಾದ ಜಾಗ /ಯುಎಸ್‌ಆರ್/ಲೋಕಲ್/ಇಟಿಸಿ/ಪಿಕೆಜಿ/ರೆಪೋಸ್/ ಎಂಬ ಡೈರೆಕ್ಟರಿ. ಅಲ್ಲಿ ಅದೇ ರೆಪೊಸಿಟರಿ ಹೆಸರು ಬರೆದು ಬದಲಿಸಬೇಕಾದ ಸಾಲು ಮಾತ್ರ ಇಟ್ಟರೆ ಸಾಕು, ಉಳಿದದ್ದನ್ನು ಮೂಲ ಫೈಲಿನಿಂದಲೇ ತೆಗೆದುಕೊಳ್ಳುತ್ತದೆ. /ಇಟಿಸಿ ಒಳಗಿನದು ಬೇಸ್ ಸಿಸ್ಟಮ್ಮಿನ ಫೈಲ್. ಪ್ರತಿ ಅಪ್‌ಗ್ರೇಡ್‌ನಲ್ಲೂ ಅದು ಹೊಸದಾಗುವ ಹಕ್ಕು ಇಟ್ಟುಕೊಂಡಿದೆ.

2. ಪಿಕೆಜಿ ಅಪ್‌ಡೇಟ್ -ಎಫ್. ಈಗ ಕೆಮಾಡ್ಸ್ ರೆಪೊಸಿಟರಿಯ ಪಟ್ಟಿಯೂ ಇಳಿಯಬೇಕು.

3. ಪಿಕೆಜಿ ಇನ್‌ಸ್ಟಾಲ್ -ಎಫ್ -ಆರ್ ಫ್ರೀಬಿಎಸ್‌ಡಿ-ಕೆಮಾಡ್ಸ್ ಡಿಆರ್‌ಎಂ-61-ಕೆಮಾಡ್.

ಮೂರನೆಯದರಲ್ಲಿ ರೆಪೊಸಿಟರಿ ಹೆಸರು ಹೇಳುವುದನ್ನು ಬಿಡಬೇಡಿ. ಒಂದು ಪ್ಯಾಕೇಜ್ ಮೊದಲು ಯಾವ ರೆಪೊಸಿಟರಿಯಿಂದ ಬಂದಿತ್ತೋ ಅಲ್ಲಿಂದಲೇ ಹೊಸದನ್ನು ತರಲು ಪಿಕೆಜಿ ಆದಷ್ಟು ನೋಡುತ್ತದೆ. ಕನ್ಸರ್ವೇಟಿವ್_ಅಪ್‌ಗ್ರೇಡ್ ಎಂಬ ಸೆಟ್ಟಿಂಗ್ ಮೊದಲಿನಿಂದಲೇ ಆನ್ ಇರುತ್ತದೆ. ಹೊಸ ರೆಪೊಸಿಟರಿ ಸೇರಿಸಿ ಬರೀ ಪಿಕೆಜಿ ಅಪ್‌ಗ್ರೇಡ್ ಹೊಡೆದರೆ ಹಳೆಯದೇ ಉಳಿದುಕೊಳ್ಳಬಹುದು.

4. ಬೂಟ್‌ಗೆ ಸೇರಿಸುವ ಮುಂಚೆ ಕೈಯಲ್ಲೇ ಪರೀಕ್ಷಿಸಿ: ಎಕ್ಸ್ ಇಲ್ಲದ ಕನ್ಸೋಲ್‌ನಲ್ಲಿ ಕೆಎಲ್‌ಡಿಲೋಡ್ ಐ915ಕೆಎಂಎಸ್. ಅಕ್ಷರ ಒಮ್ಮೆ ಮಿನುಗಿ ರೆಸಲ್ಯೂಷನ್ ಬದಲಾದರೆ ಗೆದ್ದಿರಿ. ಆಮೇಲೆ ಸಿಸ್‌ಆರ್‌ಸಿ ಕೆಎಲ್‌ಡಿ_ಲಿಸ್ಟ್+=ಐ915ಕೆಎಂಎಸ್.

5. ನಿಮ್ಮ ಖಾತೆ ವೀಡಿಯೊ ಗುಂಪಿನಲ್ಲಿದೆಯೋ ನೋಡಿ. ಇಲ್ಲವಾದರೆ ಪಿಡಬ್ಲ್ಯು ಗ್ರೂಪ್‌ಮಾಡ್ ವೀಡಿಯೊ -ಎಂ ಮುಂದೆ ಬಳಕೆದಾರನ ಹೆಸರು. ಲಾಗೌಟ್ ಆಗಿ ಮತ್ತೆ ಒಳಬನ್ನಿ. ಮಾಡ್ಯೂಲ್ ಸರಿಯಿದ್ದೂ ಗುಂಪಿನಲ್ಲಿಲ್ಲದಿದ್ದರೆ ರೂಟ್‌ಗೆ ವೇಗ, ನಿಮಗೆ ಕುಂಟು ಎಂಬ ವಿಚಿತ್ರ ಸ್ಥಿತಿ ಬರುತ್ತದೆ.

ಬೂಟ್ ಆಗುವಾಗಲೇ ಹೆಪ್ಪುಗಟ್ಟಿ ಒಳಗೆ ಹೋಗಲಾರದವರಿಗೂ ಒಂದು ಮಾತು: ಲೋಡರ್ ಮೆನುವಿನಲ್ಲಿ ಸಿಂಗಲ್ ಯೂಸರ್ ಆರಿಸಿ, ಮೌಂಟ್ -ಯು / ಕೊಟ್ಟು ರೂಟನ್ನು ಬರೆಯುವಂತೆ ಮಾಡಿ, ಸಿಸ್‌ಆರ್‌ಸಿ ಕೆಎಲ್‌ಡಿ_ಲಿಸ್ಟ್-=ಐ915ಕೆಎಂಎಸ್ ಕೊಟ್ಟು ರೀಬೂಟ್ ಮಾಡಿದರೆ ಸಾಕು. ಮರು ಇನ್‌ಸ್ಟಾಲ್ ಮಾಡುವಂಥದ್ದೇನೂ ಇಲ್ಲ.

---

ಶೂನ್ಯಸಾಧನ

ಎರಡನೆಯ ತೊಂದರೆ ನನಗಿರಲಿ. ಎಂಪಿವಿಯ ದೂರು ಮತ್ತು ಬ್ರೌಸರ್‌ನ ದೂರು ಒಂದೇ ಬೇರಿನದ್ದು. ಎಂಪಿವಿ ಬಾಯಿಬಿಟ್ಟು ಹೇಳುತ್ತದೆ, ಫೈರ್‌ಫಾಕ್ಸ್ ಹೇಳುವುದಿಲ್ಲ. ವ್ಯತ್ಯಾಸ ಅಷ್ಟೆ.

ಫೈರ್‌ಫಾಕ್ಸ್ ತನ್ನೊಳಗೆ ಎಚ್.264 ಎಂಬ ವೀಡಿಯೊ ಕೊಡೆಕ್‌ಗೆ (ಸಂಕುಚಿಸಿ ಬಿಡಿಸುವ ವಿಧಾನ) ಡಿಕೋಡರ್ ಇಟ್ಟುಕೊಂಡಿಲ್ಲ. ವಿಪಿ9, ಎವಿ1, ಓಪಸ್ ಮುಂತಾದ ಬೇರೆ ಕೊಡೆಕ್‌ಗಳಿಗೆ ತನ್ನದೇ ವ್ಯವಸ್ಥೆ ಇದೆ, ಎಚ್.264 ಮತ್ತು ಎಎಸಿಗೆ ಯುನಿಕ್ಸ್ ತರಹದ ಸಿಸ್ಟಮ್‌ಗಳಲ್ಲಿ ಎಫ್‌ಎಫ್‌ಎಂಪೆಗ್‌ನ ಲಿಬ್‌ಎವಿಕೊಡೆಕ್ ಅನ್ನು ಹುಡುಕಿಕೊಂಡು ಹೋಗುತ್ತದೆ. ಯೂಟ್ಯೂಬ್ ವಿಪಿ9 ಅಥವಾ ಎವಿ1 ಕೊಡುತ್ತದೆ, ಹಾಗಾಗಿ ಓಡುತ್ತದೆ. ಎಚ್.264 ಎಂಪಿ4 ಒಂದನ್ನೇ ಇಟ್ಟಿರುವ ಸೈಟ್‌ಗಳು ಕೈಕೊಡುತ್ತವೆ. ಒಂದು ಸೈಟ್ ಓಡಿ ಇನ್ನೊಂದು ಓಡದಿದ್ದರೆ ನೆಟ್‌ವರ್ಕ್, ಕುಕಿ, ಆಡ್‌ಬ್ಲಾಕರ್ ಎಲ್ಲ ತಡಕುವ ಮೊದಲು ಕೊಡೆಕ್ ನೋಡಬೇಕು.

ಹುಡುಕುವ ರೀತಿಯಲ್ಲೇ ಇದರ ಗುಟ್ಟಿದೆ. ಎಂಪಿವಿಯ ಬೈನರಿಯಲ್ಲಿ ತನಗೆ ಯಾವ ಸಂಖ್ಯೆಯ ಲೈಬ್ರರಿ ಬೇಕು ಎಂದು ಬರೆದೇ ಇರುತ್ತದೆ, ಪಿಕೆಜಿಗೂ ಅದು ಗೊತ್ತು. ಫೈರ್‌ಫಾಕ್ಸ್ ಓಡುತ್ತಿರುವಾಗ ಡಿಎಲ್‌ಓಪನ್ ಮೂಲಕ ಕೆಲವು ಹೆಸರುಗಳನ್ನು ಒಂದೊಂದಾಗಿ ತೆರೆದು ನೋಡುತ್ತದೆ. ಯಾವುದೂ ಸಿಗದಿದ್ದರೆ ಎಚ್.264 ಇಲ್ಲ ಅಂದುಕೊಂಡು ಸುಮ್ಮನಾಗುತ್ತದೆ. ಆ ಹೆಸರುಗಳ ಪಟ್ಟಿ ಬ್ರೌಸರ್‌ನ ಮುಖ್ಯ ಲೈಬ್ರರಿ ಲಿಬ್‌ಕ್ಸುಲ್.ಎಸ್‌ಒ ಒಳಗೆ ಅಚ್ಚಾಗಿರುತ್ತದೆ, ಕಣ್ಣಾರೆ ನೋಡಬಹುದು:

ಸ್ಟ್ರಿಂಗ್ಸ್ (ಫೈರ್‌ಫಾಕ್ಸ್ ಡೈರೆಕ್ಟರಿ)/ಲಿಬ್‌ಕ್ಸುಲ್.ಎಸ್‌ಒ | ಗ್ರೆಪ್ ಲಿಬ್‌ಎವಿಕೊಡೆಕ್

ಡೈರೆಕ್ಟರಿ ಯಾವುದು ಎಂಬುದು ಪಿಕೆಜಿ ಇನ್ಫೊ -ಎಲ್ ಕೊಟ್ಟರೆ ಸಿಗುತ್ತದೆ. ಎಫ್‌ಎಫ್‌ಎಂಪೆಗ್ 4ರ ಲಿಬ್‌ಎವಿಕೊಡೆಕ್ ಸಂಖ್ಯೆ 58, 5ರದು 59, 6ರದು 60, 7ರದು 61, 8ರದು 62. ನಿಮ್ಮ 128ರ ಪಟ್ಟಿ 61ಕ್ಕೆ ಮುಗಿಯುತ್ತದೆ. ನೀವು ಹಾಕಿರುವುದು 62. ಅದರ ಪಾಲಿಗೆ ನಿಮ್ಮ ಯಂತ್ರದಲ್ಲಿ ಎಫ್‌ಎಫ್‌ಎಂಪೆಗ್ ಇಲ್ಲವೇ ಇಲ್ಲ. 62ಕ್ಕೆ 61 ಎಂಬ ಹೆಸರಿನ ಸಿಮ್‌ಲಿಂಕ್ ಮಾಡಿಕೊಡುವ ಸಲಹೆ ಅಲ್ಲಲ್ಲಿ ಕಾಣಸಿಗುತ್ತದೆ. ದಯವಿಟ್ಟು ಬೇಡ. ಮುಖ್ಯ ಸಂಖ್ಯೆ ಬದಲಾಗುವುದೇ ಒಳಗಿನ ರಚನೆಗಳ ವಿನ್ಯಾಸ ಬದಲಾದಾಗ. ಹೆಸರು ಬದಲಿಸಿ ಮೋಸ ಮಾಡಿದರೆ ಮೀಡಿಯಾ ಪ್ರೊಸೆಸ್ ಬೀಳುತ್ತದೆ, ಇಲ್ಲವೇ ಹಸಿರು ಚಿತ್ರ ಬರುತ್ತದೆ.

ಬಿಡಿಸಿಕೊಳ್ಳುವುದು ಹೀಗೆ. ಕಂಪೈಲ್ ಮಾಡಿದ ಡೈರೆಕ್ಟರಿ ಇನ್ನೂ ಇದ್ದರೆ ಅಲ್ಲಿ ಹೋಗಿ ಜಿಮೇಕ್ ಅನ್‌ಇನ್‌ಸ್ಟಾಲ್. ಡೈರೆಕ್ಟರಿ ಅಳಿಸಿದ್ದರೆ ಅದೇ ಆಯ್ಕೆಗಳೊಂದಿಗೆ ಮತ್ತೆ ಕಾನ್ಫಿಗರ್ ಮಾಡಿ ಅನ್‌ಇನ್‌ಸ್ಟಾಲ್ ಕೊಡಬಹುದು. ಉಳಿದ ಚೂರುಗಳಿಗೆ ಪಿಕೆಜಿ ವಿಚ್ ಇದೆ: /ಯುಎಸ್‌ಆರ್/ಲೋಕಲ್/ಲಿಬ್‌ನಲ್ಲಿರುವ ಲಿಬ್‌ಎವಿ, ಲಿಬ್‌ಎಸ್‌ಡಬ್ಲ್ಯುಸ್ಕೇಲ್ ಫೈಲ್‌ಗಳ ಮೇಲೆ ಅದನ್ನು ಓಡಿಸಿದರೆ ಡೇಟಾಬೇಸ್‌ನಲ್ಲಿ ಇಲ್ಲ ಅನ್ನುವಂಥವೆಲ್ಲ ನಿಮ್ಮ ಕೈಕೆಲಸ, ಅಳಿಸಿ. ಹೆಡರ್ ಫೈಲ್‌ಗಳನ್ನೂ ಮರೆಯಬೇಡಿ, ಮುಂದೆ ಯಾವುದಾದರೂ ಪೋರ್ಟ್ (ಮೂಲ ಕೋಡಿನಿಂದ ಕಟ್ಟುವ ಪ್ಯಾಕೇಜ್) ಕಂಪೈಲ್ ಮಾಡುವಾಗ ಅವು ಕಾಲಿಗೆ ತೊಡರುತ್ತವೆ. ಆಮೇಲೆ ಪಿಕೆಜಿ ಇನ್‌ಸ್ಟಾಲ್ ಎಫ್‌ಎಫ್‌ಎಂಪೆಗ್, ಕೊನೆಗೆ ಪಿಕೆಜಿ ಚೆಕ್ -ಡಿ. ಬಲವಂತವಾಗಿ ಕಿತ್ತದ್ದರಿಂದ ಅವಲಂಬನೆ ಕಾಣೆಯಾದ ಪ್ಯಾಕೇಜುಗಳಿದ್ದರೆ ಅದು ತೋರಿಸುತ್ತದೆ.

ಲಾಕ್ ಕೂಡ ತೆಗೆಯಿರಿ. ಇಎಸ್‌ಆರ್ 140 ಬಂದದ್ದು 2025ರ ಜೂನ್‌ನಲ್ಲಿ, 128ರ ಸಾಲಿಗೆ ಭದ್ರತಾ ತೇಪೆ 2025ರಲ್ಲೇ ನಿಂತಿತು. ಲಾಕ್ ಇರುವುದು ಒಂದೆರಡು ದಿನ ತಡೆದು ನಿಲ್ಲಿಸಲು. ತಿಂಗಳುಗಟ್ಟಲೆ ಬಿಟ್ಟರೆ ಸುತ್ತಲಿನ ಲೈಬ್ರರಿಗಳು ಮುಂದೆ ಹೋಗುತ್ತವೆ, ಲಾಕ್ ಆದದ್ದು ಹಿಂದೆ ಉಳಿಯುತ್ತದೆ. ಕೊನೆಗೆ ಪಿಕೆಜಿಯ ಲೆಕ್ಕಾಚಾರವೇ ಸಿಕ್ಕಾಗುತ್ತದೆ. ಪಿಕೆಜಿ ಆಡಿಟ್ -ಎಫ್ (ದೊಡ್ಡಕ್ಷರ) ಒಮ್ಮೆ ಓಡಿಸಿ ನೋಡಿ, ಲಾಕ್ ಹಾಕಿದ ಬ್ರೌಸರ್ ಮೇಲೆ ಎಷ್ಟು ದೋಷಗಳ ಪಟ್ಟಿ ಬರುತ್ತದೆ ಎಂಬುದು ಗೊತ್ತಾಗುತ್ತದೆ.

---

ಅರ್ಧಬೈಟ್

ಎರಡೂ ಮಾಡಿದೆ. ಮಾಡ್ಯೂಲ್ ಲೋಡ್ ಆಗುತ್ತಿದೆ, ಎಚ್.264 ಸೈಟ್‌ಗಳೂ ಓಡುತ್ತಿವೆ, ಬ್ರೌಸರ್ ಈಗ 140. ಆದರೆ ಯೂಟ್ಯೂಬ್ 1080ಪಿ 60 ಫ್ರೇಮ್ ವೀಡಿಯೊದಲ್ಲಿ ಸಿಪಿಯು ಇನ್ನೂ ಜಾಸ್ತಿಯೇ ಇದೆ, ಫ್ಯಾನ್ ನಿಲ್ಲುತ್ತಿಲ್ಲ. ಮೀಡಿಯಾ.ಹಾರ್ಡ್‌ವೇರ್-ವಿಡಿಯೊ-ಡಿಕೋಡಿಂಗ್.ಫೋರ್ಸ್-ಎನೇಬಲ್ಡ್ ಆನ್ ಮಾಡಿದರೆ ಸರಿಹೋಗುತ್ತದಾ?

---

ಡೀಮನ್‌ಭಟ

ಅದು ಮೊದಲ ಮದ್ದಲ್ಲ. ತೊಂದರೆ ಕೊಡುತ್ತವೆಂದು ಫೈರ್‌ಫಾಕ್ಸ್ ತಡೆಪಟ್ಟಿಗೆ ಹಾಕಿದ ಡ್ರೈವರ್‌ಗಳನ್ನೂ ಅದು ದಾಟಿಕೊಂಡು ಹೋಗುತ್ತದೆ. ಕೆಳಗಿನಿಂದ ಮೇಲಕ್ಕೆ ಒಂದೊಂದೇ ಪದರ ನೋಡಿಕೊಂಡು ಬನ್ನಿ.

ಮೊದಲು ವಿಎಇನ್ಫೊ (ಲಿಬ್‌ವಿಎ-ಯುಟಿಲ್ಸ್ ಪ್ಯಾಕೇಜಿನಲ್ಲಿದೆ). ನಿಮ್ಮ ಚಿಪ್‌ಗೆ ಬೇಕಾದದ್ದು ಲಿಬ್‌ವಿಎ-ಇಂಟೆಲ್-ಮೀಡಿಯಾ-ಡ್ರೈವರ್. ಬ್ರಾಡ್‌ವೆಲ್ ಮತ್ತು ಅದರ ನಂತರದ ಚಿಪ್‌ಗಳಿಗೆಲ್ಲ ಇದೇ. ಅದಕ್ಕೂ ಹಳೆಯವಕ್ಕೆ ಲಿಬ್‌ವಿಎ-ಇಂಟೆಲ್-ಡ್ರೈವರ್. ಎರಡೂ ಇದ್ದು ತಪ್ಪಾದದ್ದು ಆಯ್ಕೆಯಾಗುತ್ತಿದ್ದರೆ ಪರಿಸರದಲ್ಲಿ ಲಿಬ್‌ವಿಎ_ಡ್ರೈವರ್_ನೇಮ್=ಐಎಚ್‌ಡಿ ಎಂದು ಹೇಳಿ. ಹಳೆಯ ಡ್ರೈವರ್‌ನ ಹೆಸರು ಐ965.

ವಿಎಇನ್ಫೊ ಸಾಲುಗಳಲ್ಲಿ ವಿಎಲ್‌ಡಿ ಎಂದಿರುವುದು ಡಿಕೋಡ್, ಎನ್‌ಕ್‌ಸ್ಲೈಸ್ ಎಂದಿರುವುದು ಎನ್‌ಕೋಡ್. ಎಚ್264ಹೈ ಮತ್ತು ವಿಪಿ9ಪ್ರೊಫೈಲ್0 ಎದುರು ವಿಎಲ್‌ಡಿ ಇರಬೇಕು. ಎವಿ1 ಸಾಲು ನಿಮಗೆ ಬರುವುದಿಲ್ಲ. ಇಂಟೆಲ್ ಚಿಪ್‌ಗಳಲ್ಲಿ ಎವಿ1 ಡಿಕೋಡ್ ಶುರುವಾದದ್ದು 2020ರ ಟೈಗರ್ ಲೇಕ್‌ನಿಂದ.

ನಿಮ್ಮ ಫ್ಯಾನ್ ತಿರುಗುತ್ತಿರುವುದೂ ಬಹುಶಃ ಅದಕ್ಕೇ. ವೀಡಿಯೊ ಮೇಲೆ ಬಲ ಕ್ಲಿಕ್ ಮಾಡಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ತೆರೆಯಿರಿ. ಕೊಡೆಕ್ಸ್ ಸಾಲು ಎವಿ01 ಎಂದು ಶುರುವಾದರೆ ಎವಿ1, ವಿಪಿ09 ಅಂದರೆ ವಿಪಿ9, ಎವಿಸಿ1 ಅಂದರೆ ಎಚ್.264. ಬ್ರೌಸರ್ ತಾನು ಎವಿ1 ಬಿಡಿಸಬಲ್ಲೆ ಎಂದು ಹೇಳಿಕೊಂಡರೆ ಸೈಟ್ ಅದನ್ನೇ ಕಳಿಸಬಹುದು. ಬಿಡಿಸುವುದು ಸಾಫ್ಟ್‌ವೇರ್‌ನಲ್ಲೋ ಹಾರ್ಡ್‌ವೇರ್‌ನಲ್ಲೋ ಎಂಬ ತಲೆಬಿಸಿ ಅದಕ್ಕಿಲ್ಲ. ಅಬೌಟ್:ಕಾನ್ಫಿಗ್‌ನಲ್ಲಿ ಮೀಡಿಯಾ.ಎವಿ1.ಎನೇಬಲ್ಡ್ ಅನ್ನು ಫಾಲ್ಸ್ ಮಾಡಿ ಪುಟ ಮತ್ತೆ ತೆರೆದರೆ ವಿಪಿ9 ಬರುತ್ತದೆ, ಅದು ನಿಮ್ಮ ಚಿಪ್‌ನಲ್ಲಿ ಹಾರ್ಡ್‌ವೇರ್ ಕೆಲಸ. ಅದೇ ಪೆಟ್ಟಿಗೆಯಲ್ಲಿ ಡ್ರಾಪ್ಡ್ ಫ್ರೇಮ್ಸ್ ಎಣಿಕೆಯೂ ಇದೆ. ಕಿಟಕಿ ಹಿಗ್ಗಿಸಿದಾಗ, ಸೀಕ್ ಮಾಡಿದಾಗ ಒಂದಿಷ್ಟು ಏರುವುದು ಸಾಮಾನ್ಯ. ಸುಮ್ಮನೆ ನೋಡುತ್ತಿರುವಾಗಲೂ ಏರುತ್ತಲೇ ಹೋದರೆ ತೊಂದರೆ ಇದೆ ಎಂದರ್ಥ.

ಇನ್ನು ಬ್ರೌಸರ್. ಅಬೌಟ್:ಸಪೋರ್ಟ್ ತೆರೆದು ಮೂರು ಜಾಗ ನೋಡಿ. ಕಾಂಪೊಸಿಟಿಂಗ್ ಎದುರು ಬರೀ ವೆಬ್‌ರೆಂಡರ್ ಇರಬೇಕು. ಪಕ್ಕದಲ್ಲಿ ಸಾಫ್ಟ್‌ವೇರ್ ಎಂದಿದ್ದರೆ ಮೆಸಾ (ಗ್ರಾಫಿಕ್ಸ್ ಲೈಬ್ರರಿ) ಅಥವಾ ಗುಂಪಿನ ಅನುಮತಿ ಕೆಟ್ಟಿದೆ, ಮುಂದೆ ಹೋಗಿ ಪ್ರಯೋಜನವಿಲ್ಲ. ಡಿಸಿಷನ್ ಲಾಗ್‌ನಲ್ಲಿ ಹಾರ್ಡ್‌ವೇರ್_ವಿಡಿಯೊ_ಡಿಕೋಡಿಂಗ್ ಸಾಲು ಅವೈಲಬಲ್ ಅನ್ನುತ್ತದೋ, ಡಿಸೇಬಲ್ಡ್ ಎಂದು ಕಾರಣ ಕೊಡುತ್ತದೋ ಓದಿ. ಮೀಡಿಯಾ ಭಾಗದ ಕೊಡೆಕ್ ಕೋಷ್ಟಕದಲ್ಲಿ ಎಚ್.264 ಮತ್ತು ವಿಪಿ9ರ ಹಾರ್ಡ್‌ವೇರ್ ಕಾಲಂ ನೋಡಿ. ಅಲ್ಲಿ ಇಲ್ಲ ಎಂದು ಬಂದರೆ ಮೀಡಿಯಾ.ಹಾರ್ಡ್‌ವೇರ್-ವಿಡಿಯೊ-ಡಿಕೋಡಿಂಗ್.ಎನೇಬಲ್ಡ್ ಟ್ರೂ ಇದೆಯೋ ನೋಡಿ, ಇಲ್ಲವಾದರೆ ಟ್ರೂ ಮಾಡಿ ಬ್ರೌಸರ್ ಪೂರ್ತಿ ಮುಚ್ಚಿ ತೆರೆಯಿರಿ. ವಿಎಇನ್ಫೊ ಸರಿಯಿದ್ದು, ಇದೂ ಆಗಿ, ಲಾಗ್‌ನಲ್ಲಿ ತಡೆಪಟ್ಟಿಯೇ ಕಾರಣ ಎಂದು ಸ್ಪಷ್ಟವಾಗಿ ಬಂದರೆ ಆಗ ನಿಮ್ಮ ಫೋರ್ಸ್ ಆಯ್ಕೆಯನ್ನು ಯೋಚಿಸಬಹುದು.

ಬೇರೆ ಚಿಪ್ ಇರುವವರಿಗೆ: ಎಎಂಡಿಗೆ ಮಾಡ್ಯೂಲ್ ಹೆಸರು ಎಎಂಡಿಜಿಪಿಯು, ವಿಎ ಡ್ರೈವರ್ ಮೆಸಾ-ಗ್ಯಾಲಿಯಂ-ವಿಎ ಪ್ಯಾಕೇಜಿನಲ್ಲಿದೆ. ಉಳಿದ ಪರೀಕ್ಷೆಗಳೆಲ್ಲ ಇವೇ.

---

ಕಪ್ಪುತೆರೆ

ಮುಂದಿನ ಸಲದ ಕ್ರಮ ಕೇಳಿದ್ದಿರಿ. ಝಡ್‌ಎಫ್‌ಎಸ್ ಇರುವುದರಿಂದ ಅರ್ಧ ಕೆಲಸ ಮುಗಿದ ಹಾಗೇ.

ಪ್ಯಾಕೇಜ್ ಏರಿಸುವ ಮೊದಲು ಬಿಇಸಿಟಿಎಲ್ ಕ್ರಿಯೇಟ್ ಮುಂದೆ ಒಂದು ಹೆಸರು, ದಿನಾಂಕವನ್ನೇ ಇಟ್ಟರೂ ಆದೀತು. ಹಿಂದಿರುಗಿ ಬೂಟ್ ಮಾಡಬಹುದಾದ ಸಿಸ್ಟಮ್ಮಿನ ಪ್ರತಿ, ಅಂದರೆ ಬೂಟ್ ಎನ್ವಿರಾನ್‌ಮೆಂಟ್, ಸಿದ್ಧವಾಗುತ್ತದೆ. ಕ್ಷಣಾರ್ಧದ ಕೆಲಸ, ಶುರುವಿನಲ್ಲಿ ಜಾಗವನ್ನೂ ತಿನ್ನುವುದಿಲ್ಲ, ಆಮೇಲೆ ಬದಲಾದ ಭಾಗಗಳಷ್ಟೇ ಲೆಕ್ಕಕ್ಕೆ ಬರುತ್ತವೆ. ಇನ್‌ಸ್ಟಾಲರ್ ಹಾಕಿಕೊಡುವ ವಿನ್ಯಾಸದಲ್ಲಿ ಕರ್ನಲ್, /ಬೂಟ್/ಮಾಡ್ಯೂಲ್ಸ್, /ಯುಎಸ್‌ಆರ್/ಲೋಕಲ್ ಮತ್ತು ಪಿಕೆಜಿಯ ಡೇಟಾಬೇಸ್ ಇರುವ /ವಿಎಆರ್/ಡಿಬಿ/ಪಿಕೆಜಿ ಇವಿಷ್ಟೂ ಒಂದೇ ಬೂಟ್ ಎನ್ವಿರಾನ್‌ಮೆಂಟಿನ ಒಳಗಿರುತ್ತವೆ. ಹಾಗಾಗಿ ಹಿಂದಕ್ಕೆ ಹೋದರೆ ಎಲ್ಲ ಒಟ್ಟಿಗೇ ಹೋಗುತ್ತವೆ, ಒಂದಕ್ಕೊಂದು ಹೊಂದುತ್ತವೆ. ಏರಿಸಿದ ಮೇಲೆ ಪರದೆ ಬರದಿದ್ದರೆ ಲೋಡರ್ ಮೆನುವಿನಲ್ಲಿ ಬೂಟ್ ಎನ್ವಿರಾನ್‌ಮೆಂಟ್ಸ್ ಸಾಲಿಗೆ ಹೋಗಿ ಹಳೆಯದನ್ನು ಆರಿಸಿ. ಅದನ್ನೇ ಉಳಿಸಿಕೊಳ್ಳುವುದಾದರೆ ಒಳಗೆ ಬಂದ ಮೇಲೆ ಬಿಇಸಿಟಿಎಲ್ ಆಕ್ಟಿವೇಟ್ ಕೊಡಿ. ಫ್ರೀಬಿಎಸ್‌ಡಿ-ಅಪ್‌ಡೇಟ್ ತಾನೇ ಒಂದನ್ನು ಮಾಡಿಡುತ್ತದೆ, ಪಿಕೆಜಿ ಮಾಡುವುದಿಲ್ಲ.

ಬಹಳ ಜನ ಎಡವುವುದು ಹೋಮ್ ಡೈರೆಕ್ಟರಿಯಲ್ಲಿ. ಅದು ಬೂಟ್ ಎನ್ವಿರಾನ್‌ಮೆಂಟಿನ ಹೊರಗಿದೆ. ಹೊಸ ಫೈರ್‌ಫಾಕ್ಸ್ ಒಮ್ಮೆ ತೆರೆದರೆ ಪ್ರೊಫೈಲ್ ಹೊಸ ರೂಪಕ್ಕೆ ಹೋಗುತ್ತದೆ. ಹಿಂದಕ್ಕೆ ಬಂದು ಹಳೆಯ ಫೈರ್‌ಫಾಕ್ಸ್ ತೆರೆದರೆ ಈ ಪ್ರೊಫೈಲ್ ಹೊಸ ಆವೃತ್ತಿಯದು ಎಂದು ಬಾಗಿಲಲ್ಲೇ ತಡೆಯುತ್ತದೆ. 67ನೇ ಆವೃತ್ತಿಯಿಂದ ಈ ಕಾವಲು ಇದೆ. --ಅಲೌ-ಡೌನ್‌ಗ್ರೇಡ್ ಎಂಬ ಆಯ್ಕೆ ಇದೆಯಾದರೂ ಬುಕ್‌ಮಾರ್ಕ್, ಪಾಸ್‌ವರ್ಡ್ ಇರುವ ಪ್ರೊಫೈಲಿನ ಮೇಲೆ ಅದನ್ನು ಓಡಿಸುವ ಧೈರ್ಯ ಬೇಡ. ಬ್ರೌಸರ್ ಮುಚ್ಚಿ ಹೋಮ್‌ನ .ಮೊಝಿಲ್ಲಾ ಡೈರೆಕ್ಟರಿಯ ಪ್ರತಿ ಇಡಿ, ಅಥವಾ ಹೋಮ್ ಡೇಟಾಸೆಟ್‌ಗೆ ಝಡ್‌ಎಫ್‌ಎಸ್ ಸ್ನ್ಯಾಪ್‌ಶಾಟ್ ತೆಗೆಯಿರಿ.

ದಿನನಿತ್ಯದ ಪ್ಯಾಕೇಜ್ ಏರಿಕೆ ಹೀಗಿರಲಿ: ಪಿಕೆಜಿ ಅಪ್‌ಡೇಟ್, ನಂತರ ಪಿಕೆಜಿ ಅಪ್‌ಗ್ರೇಡ್ -ಎನ್. ಏನೂ ಮಾಡದೆ ಬರೀ ಪಟ್ಟಿ ತೋರಿಸುತ್ತದೆ. ಆ ಪಟ್ಟಿಯಲ್ಲಿ ಮೊದಲು ಓದಬೇಕಾದ್ದು ತೆಗೆದುಹಾಕಲಾಗುವ ಪ್ಯಾಕೇಜುಗಳ ಭಾಗ. ಅಲ್ಲಿ ಬ್ರೌಸರ್ ಹೆಸರಿದ್ದರೆ ನಿಲ್ಲಿಸಿ. ಅವಲಂಬಿಸಿದ ಯಾವುದೋ ಒಂದು ಆ ಸುತ್ತಿನಲ್ಲಿ ಕಂಪೈಲ್ ಆಗದೆ, ಅದರ ಹಿಂದೆಯೇ ಬ್ರೌಸರ್ ಕೂಡ ರೆಪೊಸಿಟರಿಯಿಂದ ಬಿಟ್ಟುಹೋಗಿರುತ್ತದೆ. ಪಿಕೆಜಿ ಪಾಲಿಗೆ, ಉದಾಹರಣೆಗೆ, ಯುನಿಕೋಡ್ ಪಠ್ಯದ ಹೊಸ ಐಸಿಯು ಲೈಬ್ರರಿಗೂ ನಿಮ್ಮ ಹಳೆಯ ಬ್ರೌಸರ್‌ಗೂ ಹೊಂದದು, ಆದ್ದರಿಂದ ಬ್ರೌಸರ್ ತೆಗೆಯೋಣ ಅನ್ನುತ್ತದೆ. ಲೆಕ್ಕ ಸರಿ, ಫಲ ಮಾತ್ರ ನಮಗೆ ಬೇಡದ್ದು. ಎರಡು ಮೂರು ದಿನ ಬಿಟ್ಟು ನೋಡಿ. ವೈ ಎಂದು ಕಣ್ಮುಚ್ಚಿ ಒತ್ತುವವರು, -ವೈ ಆಯ್ಕೆಯನ್ನು ಕ್ರಾನ್‌ನಲ್ಲಿ ಹಾಕುವವರು ಇಲ್ಲೇ ಬ್ರೌಸರ್ ಕಳೆದುಕೊಳ್ಳುವುದು.

ಪಟ್ಟಿ ಸರಿಯಿದ್ದರೆ ಪಿಕೆಜಿ ಅಪ್‌ಗ್ರೇಡ್ -ಎಫ್ (ದೊಡ್ಡಕ್ಷರ) ಕೊಟ್ಟು ಮೊದಲು ಇಳಿಸಿಕೊಳ್ಳಿ, ಆಮೇಲೆ ಬ್ರೌಸರ್ ಮುಚ್ಚಿ ಪಿಕೆಜಿ ಅಪ್‌ಗ್ರೇಡ್. ತೆರೆದಿರುವ ಫೈರ್‌ಫಾಕ್ಸ್‌ನ ಕೆಳಗಿನಿಂದ ಫೈಲ್‌ಗಳನ್ನು ಬದಲಿಸಿದರೆ ಹೊಸ ಟ್ಯಾಬ್‌ಗೆ ಏಳುವ ಪ್ರೊಸೆಸ್ ಹೊಸ ಆವೃತ್ತಿಯದು, ತಾಯಿ ಪ್ರೊಸೆಸ್ ಹಳೆಯದು. ಮತ್ತೆ ಶುರು ಮಾಡಿ ಎಂಬ ಪುಟ ಬಂದು ಕೂರುತ್ತದೆ. ಇನ್ನು ಪಿಕೆಜಿಯೇ ಲೈಬ್ರರಿ ಸಿಗದೆ ಬಿದ್ದರೆ ಪಿಕೆಜಿ-ಸ್ಟ್ಯಾಟಿಕ್ ಎಂಬ ಹೆಸರಿನಲ್ಲಿ ಅದೇ ಕೆಲಸ ನಡೆಯುತ್ತದೆ.

ಕಿರು ಆವೃತ್ತಿ ಏರಿಸುವಾಗ: ಮೊದಲು ಸಿಸ್‌ಆರ್‌ಸಿ ಕೆಎಲ್‌ಡಿ_ಲಿಸ್ಟ್-=ಐ915ಕೆಎಂಎಸ್. ನಂತರ ಫ್ರೀಬಿಎಸ್‌ಡಿ-ಅಪ್‌ಡೇಟ್ -ಆರ್ ಹೊಸ ಆವೃತ್ತಿಯ ಹೆಸರು ಅಪ್‌ಗ್ರೇಡ್, ಫ್ರೀಬಿಎಸ್‌ಡಿ-ಅಪ್‌ಡೇಟ್ ಇನ್‌ಸ್ಟಾಲ್, ರೀಬೂಟ್, ಮತ್ತೆ ಇನ್‌ಸ್ಟಾಲ್. ಈಗ ಕರ್ನಲ್, ಯೂಸರ್‌ಲ್ಯಾಂಡ್ ಎರಡೂ ಹೊಸವು. ಆಗ ಪಿಕೆಜಿ ಅಪ್‌ಡೇಟ್ -ಎಫ್, ಡೀಮನ್‌ಭಟರು ಹೇಳಿದಂತೆ ಕೆಮಾಡ್ ಮರು ಇನ್‌ಸ್ಟಾಲ್, ಕೈಯಲ್ಲಿ ಕೆಎಲ್‌ಡಿಲೋಡ್, ಸರಿಯಾದರೆ ಪಟ್ಟಿಗೆ ವಾಪಸ್. /ಇಟಿಸಿ ಫೈಲ್‌ಗಳ ಮರ್ಜ್ ಬಗ್ಗೆ ಕೇಳಿದಾಗ ಓದಿ ಉತ್ತರಿಸಿ. ನಿಮ್ಮ ಕೆಮಾಡ್ಸ್ ಸಾಲು ತಪ್ಪಿಹೋದದ್ದು ಆ ಘಟ್ಟದಲ್ಲೇ.

ರೆಪೊಸಿಟರಿ ಕ್ವಾರ್ಟರ್ಲಿಯೋ, ಆಗಾಗ ಹೊಸದಾಗುವ ಲೇಟೆಸ್ಟೋ? ಕ್ವಾರ್ಟರ್ಲಿ ಶಾಖೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಆರಂಭದಲ್ಲಿ ಕವಲೊಡೆಯುತ್ತದೆ. ಮಧ್ಯದಲ್ಲಿ ಮುಖ್ಯವಾಗಿ ಭದ್ರತೆಯ ಮತ್ತು ದೋಷ ತಿದ್ದುವ ಬದಲಾವಣೆಗಳು ಬರುತ್ತವೆ. ಆ ನಾಲ್ಕು ತಿಂಗಳುಗಳ ಮೊದಲ ವಾರದಲ್ಲಿ ಮಾತ್ರ ದೊಡ್ಡ ಅಲೆ. ಬ್ರೌಸರ್ ಮತ್ತು ವೀಡಿಯೊ ಮುಖ್ಯವಾದ ಯಂತ್ರಕ್ಕೆ ಲೇಟೆಸ್ಟ್ ವಾಸಿ ಎಂಬುದು ನನ್ನ ಅಭಿಪ್ರಾಯ: ಬದಲಾವಣೆ ಸಣ್ಣ ಸಣ್ಣ ತುತ್ತಿನಲ್ಲಿ ಬರುತ್ತದೆ, ಕೆಟ್ಟದ್ದು ಯಾವುದೆಂದು ಹುಡುಕುವುದು ಸುಲಭ.

---

ಶೂನ್ಯಸಾಧನ

ಕಪ್ಪುತೆರೆ ಅವರ ಕೊನೆಯ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ವಾರಕ್ಕೊಮ್ಮೆ ಏರಿಸುವ ಶಿಸ್ತು ಇರುವವರಿಗೆ ಲೇಟೆಸ್ಟ್ ಸರಿ. ಎರಡು ತಿಂಗಳಿಗೊಮ್ಮೆ ನೆನಪಾಗುವವರಿಗೆ ಅದು ಕ್ವಾರ್ಟರ್ಲಿಗಿಂತ ದೊಡ್ಡ ಅಲೆ. ಯಾವುದನ್ನೇ ಆರಿಸಿ, ಪೋರ್ಟ್ಸ್‌ನಿಂದ ಒಂದೆರಡನ್ನು ಕಂಪೈಲ್ ಮಾಡುವುದಿದ್ದರೆ ಪೋರ್ಟ್ಸ್ ಗಿಟ್‌ನಲ್ಲೂ ಅದೇ ಶಾಖೆ ಇರಲಿ: ಕ್ವಾರ್ಟರ್ಲಿ ಪ್ಯಾಕೇಜಿಗೆ 2025ಕ್ಯು3 ತರಹದ ಶಾಖೆ, ಲೇಟೆಸ್ಟ್‌ಗೆ ಮೇನ್. ಕಲಸಿದರೆ ನಿಮ್ಮ ಎಫ್‌ಎಫ್‌ಎಂಪೆಗ್ ಕಥೆಯೇ ಬೇರೆ ಲೈಬ್ರರಿಯ ಹೆಸರಿನಲ್ಲಿ ಮತ್ತೆ ಬರುತ್ತದೆ.

ಬ್ರೌಸರ್ ಹೊರಗೆ ನೋಡುವ ಅಭ್ಯಾಸವಿದ್ದರೆ ಎಂಪಿವಿ ಮತ್ತು ವೈಟಿ-ಡಿಎಲ್‌ಪಿ (ಸೈಟ್‌ಗಳಿಂದ ವೀಡಿಯೊ ತರುವ ಸಾಧನ) ಜೋಡಿ ಹಗುರ. --ಎಚ್‌ಡಬ್ಲ್ಯುಡೆಕ್=ಆಟೊ-ಸೇಫ್ ಎಂದು ಎಂಪಿವಿ.ಕಾನ್ಫ್‌ನಲ್ಲಿ ಬರೆದಿಡಿ (ಅಲ್ಲಿ ಮುಂದಿನ ಎರಡು ಅಡ್ಡಗೆರೆ ಬೇಡ), ಓಡುವಾಗ ಸಣ್ಣ ಐ ಕೀ ಒತ್ತಿದರೆ ಯಾವ ಕೊಡೆಕ್, ಹಾರ್ಡ್‌ವೇರೋ ಅಲ್ಲವೋ ಎಲ್ಲ ಕಾಣುತ್ತದೆ. ವೈಟಿ-ಡಿಎಲ್‌ಪಿಗೆ -ಎಫ್ (ದೊಡ್ಡಕ್ಷರ) ಕೊಟ್ಟರೆ ಸೈಟ್ ಕೊಡುವ ಫಾರ್ಮ್ಯಾಟ್‌ಗಳ ಪಟ್ಟಿ ಬರುತ್ತದೆ. ಸೈಟ್‌ಗಳು ಒಳಗಿನ ವ್ಯವಸ್ಥೆ ಬದಲಿಸಿದಂತೆಲ್ಲ ಇದು ಬೇಗ ಹಳತಾಗುತ್ತದೆ. ನಿನ್ನೆ ಓಡಿದ್ದು ಇವತ್ತು ಓಡದಿದ್ದರೆ ಎಂಪಿವಿಯನ್ನು ಬೈಯುವ ಮುಂಚೆ ಇದನ್ನು ಏರಿಸಿ. ಪ್ಯಾಕೇಜಾಗಿ ಬಂದದ್ದರಲ್ಲಿ ಅದರದೇ -ಯು (ದೊಡ್ಡಕ್ಷರ) ಆಯ್ಕೆ ನಡೆಯುವುದಿಲ್ಲ, ಪಿಕೆಜಿ ಮೂಲಕವೇ ಆಗಬೇಕು.

ಹಣ ಕೊಟ್ಟು ನೋಡುವ ಸಿನಿಮಾ ಸೇವೆಗಳ ವಿಷಯ ಬೇರೆ. ಅವಕ್ಕೆ ವೈಡ್‌ವೈನ್ ಎಂಬ ನಕಲು ತಡೆಯುವ ವ್ಯವಸ್ಥೆ ಬೇಕು, ಗೂಗಲ್ ಅದರ ಬೈನರಿಯನ್ನು ಫ್ರೀಬಿಎಸ್‌ಡಿಗೆ ಕೊಡುವುದಿಲ್ಲ. ಲಿನಕ್ಸ್ ಹೊಂದಾಣಿಕೆ ಪದರದಲ್ಲಿ ಲಿನಕ್ಸ್‌ನ ಬ್ರೌಸರ್ ಓಡಿಸುವುದು ಒಂದು ದಾರಿ. ಅದಕ್ಕೂ ಮೇಲೆ, ಸಾಫ್ಟ್‌ವೇರ್ ಮಟ್ಟದ ಎಲ್3 ರಕ್ಷಣೆಗೆ ಹಲವು ಸೇವೆಗಳು ಪೂರ್ಣ ರೆಸಲ್ಯೂಷನ್ ಕೊಡುವುದಿಲ್ಲ. ಹುಡುಕುವಾಗ ಎನ್‌ಎಸ್‌ಪ್ಲಗಿನ್‌ರ್‍ಯಾಪರ್, ಗ್ನ್ಯಾಶ್ ಎಂದೆಲ್ಲ ಹೇಳುವ ಹಳೆಯ ಪುಟಗಳು ಸಿಗುತ್ತವೆ, ಅವು ಫ್ಲ್ಯಾಶ್ ಕಾಲದವು. ಫ್ಲ್ಯಾಶ್‌ಗೆ ಅಡೋಬಿ 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿತು. ಆ ಹಂತಗಳನ್ನು ಈಗ ಅನುಸರಿಸಿದರೆ ಬೇಡದ ಪ್ಯಾಕೇಜ್ ಬಿಟ್ಟು ಇನ್ನೇನೂ ಸೇರುವುದಿಲ್ಲ.

---

ಅರ್ಧಬೈಟ್

ಸ್ಟ್ಯಾಟ್ಸ್‌ನಲ್ಲಿ ಎವಿ01 ಇತ್ತು. ಎವಿ1 ಆಫ್ ಮಾಡಿದ ಮೇಲೆ ವಿಪಿ09 ಬರುತ್ತಿದೆ, ಕೋಷ್ಟಕದಲ್ಲಿ ಹಾರ್ಡ್‌ವೇರ್ ಇದೆ ಎಂದಿದೆ, ಫ್ಯಾನ್ ಸುಮ್ಮನಾಗಿದೆ. ಫೋರ್ಸ್ ಆಯ್ಕೆ ಬೇಕಾಗಲಿಲ್ಲ. ಒಂದೇ ಬಾಕಿ: ಎಚ್‌ಡಿಎಂಐ ಮಾನಿಟರ್ ಹಾಕಿದರೆ ವೀಡಿಯೊ ಅಲ್ಲಿ, ಶಬ್ದ ಲ್ಯಾಪ್‌ಟಾಪ್‌ನಲ್ಲೇ.

---

ಡೀಮನ್‌ಭಟ

ಕ್ಯಾಟ್ /ಡೆವ್/ಎಸ್‌ಎನ್‌ಡಿಸ್ಟ್ಯಾಟ್ ಕೊಡಿ. ಪಿಸಿಎಂ ಸಾಧನಗಳ ಪಟ್ಟಿ ಬರುತ್ತದೆ, ಎಚ್‌ಡಿಎಂಐ ಎಂದು ಬರೆದಿರುವುದರ ಸಂಖ್ಯೆ ನೋಡಿಕೊಳ್ಳಿ. ಅದು 3 ಆಗಿದ್ದರೆ ಸಿಸ್‌ಸಿಟಿಎಲ್ ಎಚ್‌ಡಬ್ಲ್ಯು.ಎಸ್‌ಎನ್‌ಡಿ.ಡೀಫಾಲ್ಟ್_ಯುನಿಟ್=3. ಆಗಲೇ ಓಡುತ್ತಿರುವ ಟ್ಯಾಬ್ ಹಳೆಯ ಸಾಧನವನ್ನೇ ಹಿಡಿದುಕೊಂಡಿರುತ್ತದೆ, ಪುಟ ರೀಲೋಡ್ ಮಾಡಿ. ಅಷ್ಟಕ್ಕೂ ಜಗ್ಗದಿದ್ದರೆ ಬ್ರೌಸರ್ ಮುಚ್ಚಿ ತೆರೆಯಿರಿ. ಸದಾ ಮಾನಿಟರ್‌ಗೇ ಜೋಡಿಸಿಡುವ ಯಂತ್ರವಾದರೆ ಮಾತ್ರ ಆ ಸಾಲನ್ನು /ಇಟಿಸಿ/ಸಿಸ್‌ಸಿಟಿಎಲ್.ಕಾನ್ಫ್‌ಗೆ ಹಾಕಿ.